ಕತ್ತರಿ ಇಡೋ ಮುಂಚೆ ಒಂದು ನಿಮಿಷ: ಕುಂದಗೋಳದ ಚುನಾವಣೆ, ಆಪರೇಷನ್ ಥಿಯೇಟರ್ ಮತ್ತು ಪತ್ರಿಕೆಯ ಸಮತೋಲನ

ನಮ್ಮ ಕನ್ನಡ ಬಳಗದಲ್ಲಿ ಇಬ್ಬರು ಕುಂದಗೋಳ ಕಡೆಯವರು. ದಿನಾ ಬೆಳಿಗ್ಗೆ ಬಸ್ ಹಿಡಿದು ಹುಬ್ಬಳ್ಳಿಗೆ ಬರುವವರು. ಅವರು ಹೇಳುವ ಮಾತು ಇದು: ಊರಿನ ಚಾದಂಗಡಿಯಲ್ಲಿ ಒಂದೇ ಪೇಪರ್ ಹತ್ತು ಜನರ ಕೈ ದಾಟುತ್ತೆ. ಒಬ್ಬರ ಹತ್ರ ಮುಖಪುಟ, ಇನ್ನೊಬ್ಬರ ಹತ್ರ ಕ್ರೀಡಾಪುಟ, ಮತ್ತೊಬ್ಬರ ಹತ್ರ ಜಿಲ್ಲಾ ಪುಟ. ಬೇರೆ ದಿನ ಮಳೆ, ಮೆಣಸಿನಕಾಯಿ ರೇಟು, ಶೇಂಗಾ ರೇಟು ಅಂತ ಮಾತು ನಡೆಯುತ್ತೆ. ಚುನಾವಣೆ ಬಂತು ಅಂದ್ರೆ ಮಾತ್ರ ಸುದ್ದಿ ಓದೋಕೂ ಮೊದಲೇ ಒಂದು ಪ್ರಶ್ನೆ ಬರುತ್ತೆ: "ಇದು ಯಾರ ಕಡೀ ಪೇಪರಪಾ?"

ಈ ಪ್ರಶ್ನೆ ಕೇಳಿ ನಾವು ಮೊದಲು ನಕ್ಕಿದ್ದೆವು. ಆಮೇಲೆ ನಮ್ಮ ಕಾಲಿಗೇ ಬಂತು.

ಹೋದ ವರ್ಷ ನಮ್ಮ ಬಳಗದ ಕಾರ್ಯದರ್ಶಿ ಆಯ್ಕೆ ಇತ್ತು. ಇಬ್ಬರು ನಿಂತಿದ್ದರು. ಇಬ್ಬರ ಸಂದರ್ಶನವನ್ನೂ ನಾವೇ ಪ್ರಕಟಿಸಿದೆವು. ಒಬ್ಬರದು ಫೋಟೋ ಸಮೇತ ಮೇಲೆ, ಉದ್ದಕ್ಕೆ. ಇನ್ನೊಬ್ಬರದು ಕೆಳಗೆ, ಎರಡು ಪ್ಯಾರಾ. ಅವರ ಮೇಲೆ ಹಳೆಯ ಕಾರ್ಯಕ್ರಮದ ಖರ್ಚಿನ ಬಗ್ಗೆ ಒಂದು ಆರೋಪ ಇತ್ತು. ಅದಕ್ಕೆ "ಪ್ರತಿಕ್ರಿಯೆಗೆ ಸಿಗಲಿಲ್ಲ" ಅಂತ ಬರೆದು ಮುಗಿಸಿದೆವು. ಸಿಗಲಿಲ್ಲ ಅನ್ನೋದು ನಿಜ. ಆದರೆ ನಾವು ಫೋನ್ ಮಾಡಿದ್ದು ಒಂದೇ ಸಲ, ಅದೂ ಅವರು ಲ್ಯಾಬ್ ಪರೀಕ್ಷೆಯಲ್ಲಿದ್ದ ಹೊತ್ತಿಗೆ. ಅವರು ನಾಲ್ಕೇ ಮತದಿಂದ ಸೋತರು. ಖರ್ಚಿನ ಲೆಕ್ಕ ಸರಿಯಾಗೇ ಇತ್ತು ಅಂತ ಮುಂದಿನ ವಾರ ರಸೀದಿ ತೋರಿಸಿದಾಗ ಗೊತ್ತಾಯಿತು.

ನಮ್ಮಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಇದನ್ನ ನಾವು ಪ್ರಮಾಣ ಮಾಡಿ ಹೇಳಬಲ್ಲೆವು. ಆದರೆ ಆ ಪುಟವನ್ನು ಟೈಪ್ ಮಾಡಿದ ಮೊದಲ ವರ್ಷದ ಹುಡುಗಿ ಆಮೇಲೆ ಹೇಳಿದ ಮಾತು ನಮ್ಮನ್ನ ಇನ್ನೂ ಚುಚ್ಚುತ್ತೆ: "ನಂಗ ಆವತ್ತೇ ಏನೋ ಸರಿ ಇಲ್ಲ ಅನ್ನಿಸಿತ್ತು. ಸೀನಿಯರ್ಸ್ ನೋಡಿರ್ತಾರ ಬಿಡು ಅಂತ ಸುಮ್ಮನಾದೆ."

ಈ ಒಂದು ವಾಕ್ಯ ಹಿಡಿದುಕೊಂಡು ಹೊರಟಾಗ ನಾವು ತಲುಪಿದ್ದು ಪತ್ರಿಕೋದ್ಯಮದ ಪುಸ್ತಕಕ್ಕಲ್ಲ, ಆಪರೇಷನ್ ಥಿಯೇಟರಿಗೆ. ಅಲ್ಲೂ ಇದೇ ರೋಗ ಇತ್ತು, ಮತ್ತು ಅದಕ್ಕೆ ಅವರು ಸ್ವಲ್ಪ ಮಟ್ಟಿಗೆ ಔಷಧ ಕಂಡುಕೊಂಡಿದ್ದಾರೆ. ಅದನ್ನ ಸುದ್ದಿಮನೆಗೆ ತರಬಹುದಾ? ಇದೇ ಈ ಲೇಖನದ ಪ್ರಶ್ನೆ.

ಮೊದಲು ಕುಂದಗೋಳದ ಲೆಕ್ಕ

"ಪೇಪರ್‌ನಲ್ಲಿ ಒಂದು ತಲೆಬರಹ ಹೆಚ್ಚುಕಮ್ಮಿ ಆದ್ರೆ ಏನು ಮಹಾ?" ಅಂತ ಕೇಳುವವರಿಗೆ ಕುಂದಗೋಳಕ್ಕಿಂತ ಒಳ್ಳೆ ಉತ್ತರ ಇಲ್ಲ.

2018ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಕಾಂಗ್ರೆಸ್ಸಿನ ಸಿ.ಎಸ್. ಶಿವಳ್ಳಿ 64,871 ಮತ ಪಡೆದರು. ಬಿಜೆಪಿಯ ಎಸ್.ಐ. ಚಿಕ್ಕನಗೌಡರ 64,237. ಅಂತರ 634. ಕ್ಷೇತ್ರದಲ್ಲಿ ಇನ್ನೂರು ಮತಗಟ್ಟೆ ಅಂತ ಹಿಡಿದರೂ ಒಂದು ಮತಗಟ್ಟೆಗೆ ಮೂರು ಮತದ ಆಸುಪಾಸು. ಇನ್ನೊಂದು ಲೆಕ್ಕ ಮಾಡಿ ನೋಡಿ: ಗೆದ್ದವರಿಗೆ ಮತ ಹಾಕಿದವರಲ್ಲಿ 318 ಜನ ಮಾತ್ರ ಮನಸ್ಸು ಬದಲಿಸಿ ಆ ಕಡೆ ಹಾಕಿದ್ದರೆ ಫಲಿತಾಂಶವೇ ತಿರುಗಿಬಿಡುತ್ತಿತ್ತು. 318 ಅಂದ್ರೆ ನಮ್ಮ ಕಾಲೇಜಿನ ಐದಾರು ಕ್ಲಾಸುಗಳಷ್ಟು ಜನ.

ಮಂತ್ರಿಯಾಗಿದ್ದ ಶಿವಳ್ಳಿಯವರು 2019ರ ಮಾರ್ಚ್ 22ರಂದು ಹೃದಯಾಘಾತದಿಂದ ತೀರಿಕೊಂಡರು. ಮೇ 19ಕ್ಕೆ ಉಪಚುನಾವಣೆ. ಆಗ ರಾಜ್ಯದಲ್ಲಿ ಎಚ್.ಡಿ. ಕುಮಾರಸ್ವಾಮಿಯವರ ಮೈತ್ರಿ ಸರ್ಕಾರ. ಇವತ್ತು ಬೀಳುತ್ತೆ ನಾಳೆ ಬೀಳುತ್ತೆ ಅನ್ನೋ ಹೊತ್ತು. ಒಂದೊಂದು ಸೀಟಿಗೂ ಬೆಲೆ. ಚಿಂಚೋಳಿ, ಕುಂದಗೋಳ ಎರಡೇ ಕ್ಷೇತ್ರ, ಆದ್ದರಿಂದ ಎರಡೂ ಪಕ್ಷಗಳ ದೊಡ್ಡ ದೊಡ್ಡ ನಾಯಕರೆಲ್ಲ ಇಲ್ಲೇ. ಕಾಂಗ್ರೆಸ್ಸಿನಿಂದ ಶಿವಳ್ಳಿಯವರ ಪತ್ನಿ ಕುಸುಮಾ ಶಿವಳ್ಳಿ, ಬಿಜೆಪಿಯಿಂದ ಮತ್ತೆ ಚಿಕ್ಕನಗೌಡರ. ಒಂದು ಕಡೆ ಅನುಕಂಪ, ಇನ್ನೊಂದು ಕಡೆ ಹೋದ ಸಲ ಕೂದಲೆಳೆಯಲ್ಲಿ ತಪ್ಪಿದ್ದು. ಅದೇ ಏಪ್ರಿಲ್ 23ಕ್ಕೆ ಲೋಕಸಭೆಗೆ ಮತ ಹಾಕಿದ್ದ ಜನ ತಿಂಗಳೊಳಗೆ ಮತ್ತೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡರು.

ಮೇ 23ಕ್ಕೆ ಎಣಿಕೆ. ಕುಸುಮಾ ಶಿವಳ್ಳಿ 77,640, ಚಿಕ್ಕನಗೌಡರ 76,039. ಅಂತರ 1,601. ಎರಡು ತಿಂಗಳಾದ ಮೇಲೆ, ಜುಲೈ 23ಕ್ಕೆ, ವಿಧಾನಸಭೆಯಲ್ಲಿ 99–105ರಿಂದ ಮೈತ್ರಿ ಸರ್ಕಾರ ಬಿತ್ತು.

ಇಲ್ಲಿ ನಾವು ಯಾವ ಪತ್ರಿಕೆ ಯಾರ ಪರ ಬರೆಯಿತು ಅಂತ ತೀರ್ಪು ಕೊಡುತ್ತಿಲ್ಲ. ಪತ್ರಿಕೆಯಿಂದಲೇ ಫಲಿತಾಂಶ ಬಂತು ಅಂತಲೂ ಹೇಳುತ್ತಿಲ್ಲ. ಹೇಳೋದು ಇಷ್ಟೇ: ಅಂತರ ಇಷ್ಟು ತೆಳ್ಳಗಿದ್ದಾಗ ಡೆಸ್ಕಿನಲ್ಲಿ ಕೂತವರ ಸಣ್ಣ ತಪ್ಪು ಸಣ್ಣದಾಗಿ ಉಳಿಯೋದಿಲ್ಲ. ದೊಡ್ಡ ಟಾಲರೆನ್ಸ್ ಇರುವ ಕಡೆ ಒಂದು ಮಿಲಿಮೀಟರ್ ಆಚೀಚೆ ನಡೆಯುತ್ತೆ. ಬೇರಿಂಗ್ ಒಳಗೆ ನಡೆಯಲ್ಲ.

ಸಮತೋಲನ ಅಂದ್ರೆ ಸ್ಕೇಲ್ ಹಿಡಿದು ಅಳೆಯೋದಾ?

ನಮ್ಮ ತಪ್ಪು ಗೊತ್ತಾದಾಗ ಮೊದಲು ಹೊಳೆದ ಪರಿಹಾರ ಇದೇ: ಇಬ್ಬರಿಗೂ ಸಮ ಸಮ ಪದ, ಸಮ ಸಮ ಫೋಟೋ. ತೂಕದ ತಕ್ಕಡಿ ನೆಟ್ಟಗಾಯಿತಲ್ಲ! ಎಷ್ಟೋ ಪತ್ರಿಕೆಗಳೂ ಚುನಾವಣೆ ಹೊತ್ತಿನಲ್ಲಿ ಹಾಗೇ ಮಾಡುತ್ತವೆ. ಇವರ ರ‍್ಯಾಲಿ ನಾಲ್ಕು ಕಾಲಂ ಆದ್ರೆ ಅವರ ರ‍್ಯಾಲಿ ನಾಲ್ಕು ಕಾಲಂ.

ಇದು ಬೇಕು. ಆದರೆ ಇದಿಷ್ಟೇ ಸಾಲದು. ಯಾಕೆ ಅಂತ ನಮ್ಮ ಭಾಗದ್ದೇ ಉದಾಹರಣೆ ನೋಡೋಣ.

ಮಹದಾಯಿ. ಕಳಸಾ-ಬಂಡೂರಿ ಅಂದ್ರೆ ನವಲಗುಂದ, ನರಗುಂದ, ಅಣ್ಣಿಗೇರಿ, ಹುಬ್ಬಳ್ಳಿ ಕಡೆ ಯಾರಿಗೂ ವಿವರಿಸಬೇಕಿಲ್ಲ. 2018ರ ಆಗಸ್ಟ್ 14ರಂದು ನ್ಯಾಯಮಂಡಳಿ ತೀರ್ಪು ಬಂತು. ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ. ಈಗ ಒಂದು ಊಹೆ ಮಾಡಿಕೊಳ್ಳಿ. ಒಬ್ಬ ಅಭ್ಯರ್ಥಿ ಪ್ರಚಾರದಲ್ಲಿ "ಹದಿಮೂರೂವರೆ ಟಿಎಂಸಿ ನಿಮ್ಮ ಹೊಲಕ್ಕೆ ಬಂತು" ಅಂತಾರೆ. ಇನ್ನೊಬ್ಬರು "ಒಂದು ಹನಿ ಸಿಕ್ಕಿಲ್ಲ" ಅಂತಾರೆ. ವರದಿಗಾರ ಇಬ್ಬರ ಮಾತನ್ನೂ ಅಕ್ಕಪಕ್ಕ, ಸಮ ಸಮ ಕಾಲಂನಲ್ಲಿ ಹಾಕಿ ಕೈ ತೊಳೆದುಕೊಂಡರೆ? ತಕ್ಕಡಿ ನೆಟ್ಟಗಿದೆ, ಓದುಗನ ತಲೆಗೆ ಮಾತ್ರ ಏನೂ ಸಿಗಲಿಲ್ಲ.

ನಿಜ ಏನು? 13.42ರಲ್ಲಿ 8.02 ಟಿಎಂಸಿ ವಿದ್ಯುತ್ ಉತ್ಪಾದನೆಗೆ. ಮಲಪ್ರಭೆಗೆ ತಿರುಗಿಸಲು ಅಂತ ಸಿಕ್ಕಿದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಕೂಡಿಸಿದರೆ 3.90 ಟಿಎಂಸಿ. ಉಳಿದ 1.50 ಮಹದಾಯಿ ಕಣಿವೆಯೊಳಗಿನ ಬಳಕೆಗೆ. ಅಷ್ಟೇ ಅಲ್ಲ, 2019ರ ಮೇ ತಿಂಗಳಲ್ಲಿ ಆ ತೀರ್ಪು ಇನ್ನೂ ಕೇಂದ್ರದ ರಾಜಪತ್ರದಲ್ಲಿ ಪ್ರಕಟವೇ ಆಗಿರಲಿಲ್ಲ. ಅದು ಆದದ್ದು 2020ರ ಫೆಬ್ರವರಿಯಲ್ಲಿ. ಈ ನಾಲ್ಕು ಸಾಲು ಬರೆದರೆ ಇಬ್ಬರ ಮಾತೂ ಎಷ್ಟು ನಿಜ, ಎಷ್ಟು ಉಬ್ಬಿಸಿದ್ದು ಅಂತ ಓದುಗನೇ ತೂಗಿಕೊಳ್ಳುತ್ತಾನೆ.

ಹಾಗಾದರೆ ಸಮತೋಲನ ಅಂದ್ರೆ ಜಾಗ ಹಂಚೋದಲ್ಲ. ಎಲ್ಲರ ಮಾತಿಗೂ ಒಂದೇ ಪರೀಕ್ಷೆ ಇಡೋದು. ಇವರ ಹೇಳಿಕೆಗೆ ದಾಖಲೆ ಕೇಳಿದರೆ ಅವರ ಹೇಳಿಕೆಗೂ ಕೇಳಬೇಕು. ಇವರಿಗೆ "ಆರೋಪಿಸಿದರು" ಅಂತ ಬರೆದರೆ ಅವರಿಗೂ "ಆರೋಪಿಸಿದರು". ಅವರಿಗೆ ಮಾತ್ರ "ಬಯಲು ಮಾಡಿದರು" ಅನ್ನೋ ಹಾಗಿಲ್ಲ. ಕ್ರಿಯಾಪದದಲ್ಲೇ ಅರ್ಧ ಪಕ್ಷಪಾತ ಅಡಗಿರುತ್ತೆ.

ಇನ್ನೊಂದು ಮಾತು. ಸಮತೋಲನ ಅಂದ್ರೆ ಪತ್ರಿಕೆಗೆ ಅಭಿಪ್ರಾಯ ಇರಬಾರದು ಅಂತಲೂ ಅಲ್ಲ. ನಮ್ಮ ಹುಬ್ಬಳ್ಳಿಯ 'ಸಂಯುಕ್ತ ಕರ್ನಾಟಕ' ಬೆಳೆದದ್ದೇ ಸ್ವಾತಂತ್ರ್ಯ ಚಳವಳಿ, ಏಕೀಕರಣ ಚಳವಳಿಗಳ ಜೊತೆ. ಅಲ್ಲಿ ನಿಲುವು ಇತ್ತು, ಮುಚ್ಚಿಡಲೂ ಇಲ್ಲ. ನಿಲುವು ಸಂಪಾದಕೀಯದಲ್ಲಿ ಇರಲಿ. ಸುದ್ದಿಯ ಒಳಗೆ ಗೊತ್ತಾಗದ ಹಾಗೆ ನುಸುಳಬಾರದು, ಅಷ್ಟೆ.

ಈಗ ಆಪರೇಷನ್ ಥಿಯೇಟರಿಗೆ ಬನ್ನಿ

ಶಸ್ತ್ರಚಿಕಿತ್ಸೆ ಅಂದ್ರೆ ನಮಗೆ ನೆನಪಾಗೋದು ಒಬ್ಬ ಸರ್ಜನ್ನು. ಸಿನಿಮಾದಲ್ಲಿ ಹಾಗೇ ತಾನೆ? ನಿಜದಲ್ಲಿ ಅಲ್ಲಿ ಒಂದು ತಂಡ ಇರುತ್ತೆ: ಸರ್ಜನ್, ಅವರ ಸಹಾಯಕರು, ಅರಿವಳಿಕೆ ಡಾಕ್ಟರು, ಉಪಕರಣ ಕೊಡುವ ಸಿಸ್ಟರ್, ಓಡಾಡಿ ಸಾಮಾನು ತರುವ ಸಿಸ್ಟರ್, ಟೆಕ್ನೀಷಿಯನ್. ಎಷ್ಟೋ ಸಲ ಅವತ್ತೇ ಮೊದಲ ಬಾರಿಗೆ ಒಟ್ಟಿಗೆ ಕೆಲಸ ಮಾಡುತ್ತಿರುತ್ತಾರೆ, ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲ್ಲ.

ಶಸ್ತ್ರಚಿಕಿತ್ಸೆಯ ನಂತರ ಬರುವ ತೊಡಕುಗಳು, ಅಂದ್ರೆ ಗಾಯಕ್ಕೆ ನಂಜಾಗೋದು, ರಕ್ತಸ್ರಾವ, ನ್ಯುಮೋನಿಯಾ, ಮತ್ತೆ ಥಿಯೇಟರಿಗೆ ಒಯ್ಯಬೇಕಾಗೋದು, ಇವುಗಳಲ್ಲಿ ಒಂದು ಭಾಗ ರೋಗದ ಸ್ವಭಾವದಿಂದ ಬರುತ್ತೆ, ತಪ್ಪಿಸೋಕೆ ಆಗಲ್ಲ. ಇನ್ನೊಂದು ಭಾಗ ಬರೋದು ತುಂಬಾ ಸಾಮಾನ್ಯವಾದ ಮರೆವಿನಿಂದ. ಆ್ಯಂಟಿಬಯಾಟಿಕ್ ಕೊಡೋದು ಮರೆತದ್ದು. ರಕ್ತ ತಯಾರಿಲ್ಲದ್ದು. ರೋಗಿಗೆ ಯಾವ ಔಷಧ ಆಗಲ್ಲ ಅಂತ ಕೇಳದ್ದು. ಎಡವೋ ಬಲವೋ ಅಂತ ಗುರುತು ಹಾಕದ್ದು. ಒಳಗೆ ಒಂದು ಗಾಜ್ ಬಟ್ಟೆ ಬಿಟ್ಟದ್ದು.

ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಒಂದು ಪುಟದ ಪಟ್ಟಿ ತಂದಿತು. ಡಾ. ಅತುಲ್ ಗವಾಂಡೆ ಇದರ ಮುಂದಾಳು. 19 ಅಂಶ, ಮೂರು ನಿಲುಗಡೆ. ಅರಿವಳಿಕೆ ಕೊಡೋ ಮುಂಚೆ ಒಂದು. ಕತ್ತರಿ ಇಡೋ ಮುಂಚೆ ಒಂದು. ರೋಗಿಯನ್ನ ಥಿಯೇಟರಿನಿಂದ ಹೊರಗೆ ಒಯ್ಯೋ ಮುಂಚೆ ಒಂದು. ಎರಡನೇ ನಿಲುಗಡೆಯಲ್ಲಿ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕು. ರೋಗಿ ಯಾರು, ಯಾವ ಜಾಗ, ಯಾವ ಶಸ್ತ್ರಚಿಕಿತ್ಸೆ ಅಂತ ಗಟ್ಟಿಯಾಗಿ ಹೇಳಬೇಕು. ಕಳೆದ 60 ನಿಮಿಷದೊಳಗೆ ಆ್ಯಂಟಿಬಯಾಟಿಕ್ ಕೊಟ್ಟಾಗಿದೆಯಾ? ಎಷ್ಟು ರಕ್ತ ಹೋಗಬಹುದು? ಮೂರನೇ ನಿಲುಗಡೆಯಲ್ಲಿ ಉಪಕರಣ, ಗಾಜ್, ಸೂಜಿ ಎಣಿಕೆ ಸರಿಯಾಗಿದೆಯಾ?

ಎಂಜಿನಿಯರಿಂಗ್ ಹುಡುಗರಿಗೆ ಇದರ ಮೂಲ ಖುಷಿ ಕೊಡುತ್ತೆ, ಯಾಕಂದ್ರೆ ಇದು ವಿಮಾನದಿಂದ ಬಂದ ವಿದ್ಯೆ. 1935ರ ಅಕ್ಟೋಬರ್ 30ರಂದು ಬೋಯಿಂಗ್‌ನ ಮಾಡೆಲ್ 299 ಅನ್ನೋ ಹೊಸ ವಿಮಾನ ಪರೀಕ್ಷಾ ಹಾರಾಟದಲ್ಲಿ ಬಿತ್ತು. ಎಂಜಿನ್ ಕೆಟ್ಟಿರಲಿಲ್ಲ. ನಿಂತಾಗ ಗಾಳಿಗೆ ರೆಕ್ಕೆ-ಬಾಲದ ಭಾಗಗಳು ಅಲುಗದಂತೆ ಹಾಕಿದ್ದ ಲಾಕ್ ತೆಗೆಯೋದನ್ನ ಅನುಭವಿ ಪೈಲಟ್ ಮರೆತಿದ್ದರು. ಆಮೇಲೆ ಬಂದದ್ದೇ ಪೈಲಟ್‌ಗಳ ಚೆಕ್‌ಲಿಸ್ಟ್.

ಥಿಯೇಟರಿನಲ್ಲಿ ಫಲ ಸಿಕ್ಕಿತಾ? 2007ರ ಅಕ್ಟೋಬರ್‌ನಿಂದ 2008ರ ಸೆಪ್ಟೆಂಬರ್‌ವರೆಗೆ ದೆಹಲಿ, ಮನಿಲಾ, ಅಮ್ಮಾನ್, ತಾಂಜಾನಿಯಾದ ಇಫಾಕಾರಾ, ಲಂಡನ್, ಟೊರಾಂಟೊ, ಸಿಯಾಟಲ್, ಆಕ್ಲೆಂಡ್ ಹೀಗೆ ಎಂಟು ಕಡೆ ಎಂಟು ಆಸ್ಪತ್ರೆಗಳಲ್ಲಿ ನೋಡಿದರು. ಪಟ್ಟಿ ಬರೋ ಮುಂಚೆ 3,733 ರೋಗಿಗಳು, ಬಂದ ಮೇಲೆ 3,955 ರೋಗಿಗಳು. ತೊಡಕು ಆದವರ ಪ್ರಮಾಣ ಶೇ 11ರಿಂದ ಶೇ 7ಕ್ಕೆ ಇಳಿಯಿತು. ಸಾವು ಶೇ 1.5ರಿಂದ ಶೇ 0.8ಕ್ಕೆ. ಒಂದು ಹಾಳೆ ಕಾಗದ!

ಆದರೆ ಕಾಗದ ಕೆಲಸ ಮಾಡಲಿಲ್ಲ, ಜನ ಮಾಡಿದರು

ಇಲ್ಲಿಗೇ ನಿಲ್ಲಿಸಿದ್ದರೆ ಕಥೆ ಚೆಂದ ಇರುತ್ತಿತ್ತು. ನಾವು ಮುಂದೆ ಓದಿದೆವು.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಸರ್ಕಾರದ ಆದೇಶದ ಮೇಲೆ ಎಲ್ಲ ಆಸ್ಪತ್ರೆಗಳೂ ಈ ಪಟ್ಟಿ ಬಳಸಬೇಕಾಯಿತು. 101 ಆಸ್ಪತ್ರೆಗಳ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಸಾವಿನ ಪ್ರಮಾಣ ಶೇ 0.71ರಿಂದ ಶೇ 0.65, ತೊಡಕು ಶೇ 3.86ರಿಂದ ಶೇ 3.82. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಏನೂ ಬದಲಾಗಿಲ್ಲ ಅಂತಲೇ ಲೆಕ್ಕ. ಆಸ್ಪತ್ರೆಗಳು ಮಾತ್ರ ತೊಂಬತ್ತಕ್ಕೂ ಹೆಚ್ಚು ಶೇಕಡಾ ಪಟ್ಟಿ ಬಳಸಿದ್ದೇವೆ ಅಂತ ವರದಿ ಕೊಟ್ಟಿದ್ದವು. ನಮಗಿದು ಹೊಸದಲ್ಲ. ಪ್ರಯೋಗ ಮಾಡದೆ ರೀಡಿಂಗ್ ಬರೆದು ಲ್ಯಾಬ್ ರೆಕಾರ್ಡ್‌ಗೆ ಸಹಿ ಹಾಕಿಸಿಕೊಂಡವರಿಗೆ ಟಿಕ್ ಹಾಕೋದಕ್ಕೂ ಕೆಲಸ ಮಾಡೋದಕ್ಕೂ ಇರುವ ದೂರ ಚೆನ್ನಾಗಿ ಗೊತ್ತು.

ಇದಕ್ಕೆ ಎದುರಾಗಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳನ್ನ ನೋಡಿ. ಅಲ್ಲಿ ಬರೀ ಪಟ್ಟಿ ಕೊಡಲಿಲ್ಲ, ತಂಡಕ್ಕೆ ತರಬೇತಿ ಕೊಟ್ಟರು. ಮೊದಲು ಎರಡು ತಿಂಗಳ ತಯಾರಿ. ಆಮೇಲೆ ಒಂದು ದಿನ ಸರ್ಜನ್, ಅರಿವಳಿಕೆ ಡಾಕ್ಟರು, ಸಿಸ್ಟರ್, ಟೆಕ್ನೀಷಿಯನ್ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಕಲಿಯೋದು. ಅನುಮಾನ ಬಂದಾಗ ಹೇಗೆ ಬಾಯಿ ಬಿಡೋದು, ಶುರುವಿಗೆ ಮುಂಚೆ ಏನು ಮಾತಾಡೋದು, ಮುಗಿದ ಮೇಲೆ ಏನು ಮಾತಾಡೋದು ಅಂತ. ಆಮೇಲೆ ಒಂದು ವರ್ಷ ಮೂರು ತಿಂಗಳಿಗೊಮ್ಮೆ ಫೋನ್ ಮಾಡಿ ವಿಚಾರಿಸೋದು. 2010ರಲ್ಲಿ ಬಂದ ಫಲಿತಾಂಶ: ತರಬೇತಿ ಪಡೆದ 74 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಸಾವಿನ ಪ್ರಮಾಣ ಶೇ 18ರಷ್ಟು ಇಳಿಯಿತು. ಇನ್ನೂ ತರಬೇತಿ ಸಿಗದಿದ್ದ 34 ಆಸ್ಪತ್ರೆಗಳಲ್ಲಿ ಶೇ 7.

ನಮ್ಮ ರಾಜ್ಯದಲ್ಲೂ ಇದರ ತಮ್ಮನಂಥ ಒಂದು ಪ್ರಯೋಗ ನಡೆದಿದೆ, ಶಸ್ತ್ರಚಿಕಿತ್ಸೆಗಲ್ಲ, ಹೆರಿಗೆಗೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನ ಮೊದಲು ಪರೀಕ್ಷಿಸಿದ್ದು ಕರ್ನಾಟಕದ ತಾಲ್ಲೂಕು ಮಟ್ಟದ ಒಂದು ಹೆರಿಗೆ ಕೇಂದ್ರದಲ್ಲಿ. 29 ಅಗತ್ಯ ಕೆಲಸಗಳಲ್ಲಿ ಮುಂಚೆ ಸರಾಸರಿ 10 ಮಾತ್ರ ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ 25 ನಡೆದವು. ಅಮೇಲೆ ಅದನ್ನೇ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ದೊಡ್ಡದಾಗಿ ಮಾಡಿದರು. ಪಕ್ಕದಲ್ಲಿ ನಿಂತು ಹೇಳಿಕೊಡುವ ಕೋಚ್ ಇದ್ದಾಗ, ಎರಡು ತಿಂಗಳ ಹೊತ್ತಿಗೆ, ಸರಿಯಾದ ಕೆಲಸಗಳ ಪ್ರಮಾಣ ಶೇ 72.8, ಪಟ್ಟಿ ಇಲ್ಲದ ಕೇಂದ್ರಗಳಲ್ಲಿ ಶೇ 41.7. ಕೋಚ್ ಹೋದ ಮೇಲೆ, ವರ್ಷದ ಹೊತ್ತಿಗೆ, ಅದು ಶೇ 61.7ಕ್ಕೆ ಇಳಿಯಿತು. ತಾಯಿ-ಮಗುವಿನ ಸಾವಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. 2017ರಲ್ಲಿ ಪ್ರಕಟವಾದ ಈ ಫಲಿತಾಂಶ ಕಹಿ, ಆದರೆ ಉಪಯೋಗದ ಕಹಿ: ಅಭ್ಯಾಸ ಸುಧಾರಿಸಿದರೂ ರಕ್ತ, ಔಷಧ, ಡಾಕ್ಟರು, ದೊಡ್ಡ ಆಸ್ಪತ್ರೆಗೆ ಹೋಗೋ ಗಾಡಿ ಇಲ್ಲದಿದ್ದರೆ ಕಾಗದ ಒಂದೇ ಜೀವ ಉಳಿಸಲ್ಲ.

ಇದೆಲ್ಲದರಿಂದ ನಮಗೆ ಸಿಕ್ಕಿದ ಸಾರ ಮೂರು. ಒಂದು, ಒತ್ತಡದಲ್ಲಿ ಒಳ್ಳೆಯವರೂ ಮರೆಯುತ್ತಾರೆ, ಆದ್ದರಿಂದ ನಿಲ್ಲೋ ಜಾಗ ಮೊದಲೇ ಗೊತ್ತು ಮಾಡಿರಬೇಕು. ಎರಡು, ಕಿರಿಯರು ಬಾಯಿ ಬಿಡದ ತಂಡದಲ್ಲಿ ಪಟ್ಟಿ ಬರೀ ಅಲಂಕಾರ. ಮೂರು, ಅಭ್ಯಾಸ ಕೈ ಬಿಟ್ಟರೆ ಇಳಿಯುತ್ತೆ, ಜೊತೆಗೆ ಸಾಮಾನು ಸರಂಜಾಮು ಬೇಕು.

ಎರಡನೇ ಮಾತಿಗೆ ವಿಮಾನದ್ದೇ ಇನ್ನೊಂದು ಸಾಕ್ಷಿ ಇದೆ. 1977ರ ಮಾರ್ಚ್ 27ರಂದು ತೆನೆರಿಫ್‌ನಲ್ಲಿ ಎರಡು ಜಂಬೋ ವಿಮಾನಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಜನ ಸತ್ತರು. ಎದುರಿನ ವಿಮಾನ ರನ್‌ವೇ ಬಿಟ್ಟಿದೆಯಾ ಅಂತ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂದಿತ್ತು, ಕೇಳಿಯೂ ಕೇಳಿದರು. ಹಿರಿಯ ಕ್ಯಾಪ್ಟನ್ ಖಚಿತವಾಗಿ ಹೌದು ಅಂದದ್ದಕ್ಕೆ ಅಲ್ಲಿಗೇ ಮಾತು ನಿಂತಿತು. ನಮ್ಮ ಬಳಗದ ಹುಡುಗಿ "ಸೀನಿಯರ್ಸ್ ನೋಡಿರ್ತಾರ ಬಿಡು" ಅಂದದ್ದೂ ಇದೇ ಜಾತಿಯ ಮಾತು. ಅಲ್ಲಿ ಪ್ರಾಣ ಹೋಯಿತು, ಇಲ್ಲಿ ಒಬ್ಬನ ಹೆಸರು ಹೋಯಿತು.

ಸುದ್ದಿಮನೆಗೆ ಮೂರು ನಿಲುಗಡೆ

ಕುಂದಗೋಳ ಅಂದ್ರೆ ಸವಾಯಿ ಗಂಧರ್ವರ ಊರು. ಭೀಮಸೇನ ಜೋಶಿಯವರು ಗುರುಗಳ ಹತ್ತಿರ ಇದ್ದು ಕಲಿತ ಊರು. ನಾಡಗೀರ ವಾಡೆಯಲ್ಲಿ ಕಛೇರಿ ಕೇಳಿದವರಿಗೆ ಗೊತ್ತು, ಎಷ್ಟೇ ದೊಡ್ಡ ಗಾಯಕರಾದರೂ ತಂಬೂರಿ ಶ್ರುತಿ ಸೇರೋವರೆಗೂ ಕಾಯುತ್ತಾರೆ. ಯಾರೂ ಅದನ್ನ ಟೈಮ್ ವೇಸ್ಟ್ ಅನ್ನಲ್ಲ. ನಾವು ಬರೆದುಕೊಂಡ ಪಟ್ಟಿಯೂ ಅಷ್ಟೇ, ಶ್ರುತಿ ಸೇರಿಸೋ ಹೊತ್ತು.

ಮೊದಲ ನಿಲುಗಡೆ, ವರದಿಗೆ ಹೊರಡೋ ಮುಂಚೆ:

- ಈ ಸುದ್ದಿಯಲ್ಲಿ ಯಾರ ಯಾರ ಹಿತ ಇದೆ? ನಮ್ಮಲ್ಲಿ ಯಾರಿಗಾದರೂ ನೆಂಟಸ್ತಿಕೆ, ಸ್ನೇಹ, ಜಗಳ ಇದೆಯಾ? ಇದ್ದರೆ ಗಟ್ಟಿಯಾಗಿ ಹೇಳಿ ಆ ಕೆಲಸ ಬೇರೆಯವರಿಗೆ ಕೊಡೋದು.
- ಯಾವ ದಾಖಲೆ ನೋಡಿದರೆ ಇದು ಇತ್ಯರ್ಥ ಆಗುತ್ತೆ? ಅದು ಎಲ್ಲಿ ಸಿಗುತ್ತೆ?

ಎರಡನೇ ನಿಲುಗಡೆ, ಪುಟ ಕಟ್ಟಿ ಕಳಿಸೋ ಮುಂಚೆ. ಇದೇ ಕತ್ತರಿ ಇಡೋ ಮುಂಚಿನ ನಿಮಿಷ:

- ಆರೋಪ ಹೊತ್ತವರನ್ನ ಎಷ್ಟು ಸಲ, ಯಾವ ಹೊತ್ತಿಗೆ ಕೇಳಿದ್ದೇವೆ? ಒಂದು ಸಲ ಸಾಲದು. ಉತ್ತರಕ್ಕೆ ಎಷ್ಟು ಸಮಯ ಕೊಟ್ಟಿದ್ದೇವೆ ಅನ್ನೋದನ್ನೂ ಬರೆಯೋದು.
- ಅಂಕಿ ಎಲ್ಲಿಂದ ಬಂತು? ಕೂಡಿಸಿ, ಕಳೆದು ನೋಡಿದ್ದೇವಾ?
- ಅಭ್ಯರ್ಥಿಗಳ ಹೆಸರು ಅದಲು ಬದಲು ಮಾಡಿ ತಲೆಬರಹ ಓದೋದು. ಆಗಲೂ ಇದೇ ಪದ ಬಳಸುತ್ತಿದ್ದೆವಾ?
- ಫೋಟೋ ನೋಡೋದು. ಒಬ್ಬರು ನಗುತ್ತಾ, ಇನ್ನೊಬ್ಬರು ಬಾಯಿ ತೆರೆದು ಕೂಗುತ್ತಾ ಇದ್ದಾರಾ?
- ಕೋಣೆಯಲ್ಲಿ ಎಲ್ಲರಿಗಿಂತ ಕಿರಿಯರನ್ನ ಮೊದಲು ಕೇಳೋದು: "ನಿಂಗೆ ಇದರಾಗ ಏನರ ತಪ್ಪು ಕಾಣ್ತದೇನು?"

ಮೂರನೇ ನಿಲುಗಡೆ, ಪ್ರಕಟವಾದ ಮೇಲೆ:

- ಬಂದ ದೂರುಗಳನ್ನ ಎಣಿಸೋದು, ಗಾಜ್ ಬಟ್ಟೆ ಎಣಿಸಿದ ಹಾಗೆ. ಒಂದೂ ಒಳಗೆ ಉಳಿಯಬಾರದು.
- ತಪ್ಪಾಗಿದ್ದರೆ ತಿದ್ದುಪಡಿ ಎಲ್ಲಿ ತಪ್ಪು ಬಂದಿತ್ತೋ ಅದೇ ಜಾಗದಲ್ಲಿ, ಅಷ್ಟೇ ಎದ್ದು ಕಾಣೋ ಹಾಗೆ.

"ತಲೆಬರಹ ಅದಲು ಬದಲು" ಪರೀಕ್ಷೆ ನೀವೂ ಮಾಡಿ ನೋಡಿ. ನಮ್ಮ ಹಳೆಯ ಸಂಚಿಕೆ ಮೇಲೆ ಮಾಡಿದಾಗ ನಮಗೇ ನಾಚಿಕೆ ಆಯಿತು.

ಕಾನೂನು ಎಲ್ಲಿವರೆಗೆ ಕಾಯುತ್ತೆ?

ಚಿಕ್ಕದಾಗಿ ಹೇಳಿಬಿಡುತ್ತೇವೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಮತದಾನ ಮುಗಿಯೋ ಹೊತ್ತಿಗೆ ಹಿಂದಿನ 48 ಗಂಟೆ ಟಿವಿಯಂಥ ಮಾಧ್ಯಮಗಳಲ್ಲಿ ಚುನಾವಣಾ ಪ್ರಚಾರ ಇಲ್ಲ. ಆ ಸೆಕ್ಷನ್ನಿನಲ್ಲಿ ಮುದ್ರಣ ಮಾಧ್ಯಮದ ಮಾತಿಲ್ಲ. ಅಂದ್ರೆ ಮತದಾನದ ಬೆಳಿಗ್ಗೆ ಚಾದಂಗಡಿಗೆ ಬರೋ ಪೇಪರ್‌ಗೆ ಆ ಬೀಗ ಇಲ್ಲ. ಆದ್ದರಿಂದಲೇ ಆಯೋಗ ಮತದಾನದ ದಿನ ಮತ್ತು ಹಿಂದಿನ ದಿನದ ಪತ್ರಿಕಾ ಜಾಹೀರಾತಿಗೆ ಮುಂಚೆಯೇ ಸಮಿತಿಯ ಒಪ್ಪಿಗೆ ಪಡೆಯಬೇಕು ಅಂತ ಹೇಳುತ್ತೆ. ಎಕ್ಸಿಟ್ ಪೋಲ್‌ಗೆ 126ಎ ಅಡಿ ನಿಷೇಧ ಇದೆ, ಅದು ಪತ್ರಿಕೆಗೂ ಅನ್ವಯ. ಕಾಸಿಗಾಗಿ ಸುದ್ದಿ ಹಾಕಿಸಿದ್ದು ಅಂತ ಜಿಲ್ಲಾ ಮಟ್ಟದ ಮಾಧ್ಯಮ ಸಮಿತಿಗೆ ಖಾತ್ರಿಯಾದರೆ ಆ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತೆ. ಇನ್ನು ಭಾರತೀಯ ಪತ್ರಿಕಾ ಮಂಡಳಿಯ ಮಾರ್ಗಸೂಚಿ: ಅಭ್ಯರ್ಥಿ ಎತ್ತಿದ ಮುಖ್ಯ ವಿಷಯವನ್ನ ಬಿಟ್ಟು, ಅವರು ಎದುರಾಳಿಗೆ ಬೈದದ್ದನ್ನ ಮಾತ್ರ ಬರೆಯಬೇಡಿ ಅನ್ನೋ ಅರ್ಥದ ಮಾತು ಅದರಲ್ಲಿದೆ.

ಎಲ್ಲವೂ ಒಳ್ಳೆಯದೇ. ಆದರೆ "ಆರೋಪಿಸಿದರು" ಬದಲು "ಬಯಲು ಮಾಡಿದರು" ಅಂತ ಬರೆದರೆ ಹಿಡಿಯೋ ಕಾನೂನು ಇಲ್ಲ. ಇರಲೂಬಾರದು. ಅದನ್ನ ಡೆಸ್ಕಿನಲ್ಲಿ ಕೂತವರೇ ಹಿಡಿಯಬೇಕು.

ಹೋಲಿಕೆ ಎಲ್ಲಿ ಕುಂಟುತ್ತೆ

ಪ್ರಾಮಾಣಿಕವಾಗಿ ಇದನ್ನೂ ಹೇಳಬೇಕು. ಥಿಯೇಟರಿನಲ್ಲಿ ಎಲ್ಲರ ಆಸೆ ಒಂದೇ, ರೋಗಿ ಬದುಕಬೇಕು. ಸುದ್ದಿಮನೆಯಲ್ಲಿ ಹಾಗಲ್ಲ. ಮಾಲೀಕರಿಗೆ ಒಂದು ಲೆಕ್ಕ, ಜಾಹೀರಾತಿನವರಿಗೆ ಇನ್ನೊಂದು, ಊರಲ್ಲೇ ಇದ್ದು ಎರಡೂ ಪಕ್ಷದವರ ಮುಖ ದಿನಾ ನೋಡಬೇಕಾದ ತಾಲ್ಲೂಕು ವರದಿಗಾರನಿಗೆ ಮತ್ತೊಂದು. ಅವನಿಗೆ ಸಂಬಳವೂ ಅಷ್ಟಕ್ಕಷ್ಟೇ. ಉತ್ತರ ಪ್ರದೇಶದ ಹೆರಿಗೆ ಕೇಂದ್ರದಲ್ಲಿ ಪಟ್ಟಿ ಇದ್ದು ರಕ್ತ ಇಲ್ಲದ ಹಾಗೆ, ಇಲ್ಲಿ ಪಟ್ಟಿ ಇದ್ದು ಬೆನ್ನಿಗೆ ನಿಲ್ಲೋರು ಇಲ್ಲದಿದ್ದರೆ ಏನು ಪ್ರಯೋಜನ? ಜೊತೆಗೆ, ಶಸ್ತ್ರಚಿಕಿತ್ಸೆಯ ತೊಡಕು ಮೂವತ್ತು ದಿನದಲ್ಲಿ ಕಣ್ಣಿಗೆ ಕಾಣುತ್ತೆ. ಸುದ್ದಿಯ ತೊಡಕು ಚಾದಂಗಡಿಯ ಆ ಪ್ರಶ್ನೆಯಾಗಿ ನಿಧಾನಕ್ಕೆ ಬೆಳೆಯುತ್ತೆ: ಇದು ಯಾರ ಕಡೀ ಪೇಪರಪಾ?

ಗವಾಂಡೆಯವರ ಅಧ್ಯಯನದಲ್ಲಿ ಪಟ್ಟಿ ಬಳಸಿದ ಸಿಬ್ಬಂದಿಯನ್ನ ಕೊನೆಗೆ ಕೇಳಿದ್ದರು. ಕಾಲು ಭಾಗದೊಳಗೆ ಜನ ಇದು ರಗಳೆ ಅಂತಲೇ ಅಂದರಂತೆ. ಆದರೆ ನಿಮಗೇ ಆಪರೇಷನ್ ಆಗೋದಿದ್ದರೆ ಈ ಪಟ್ಟಿ ಬೇಕಾ ಅಂದಾಗ ಶೇ 93 ಜನ ಬೇಕು ಅಂದರು. ನಾವೂ ನಮ್ಮನ್ನ ಇದೇ ಕೇಳಿಕೊಂಡೆವು. ನಾಳೆ ಸುದ್ದಿ ನನ್ನ ಮೇಲೇ ಬರೋದಿದ್ದರೆ? ಡೆಸ್ಕಿನವರು ಒಂದು ನಿಮಿಷ ನಿಂತು, ಇನ್ನೊಂದು ಸಲ ಫೋನ್ ಮಾಡಲಿ ಅಂತ ಅನ್ನಿಸಲ್ವಾ?

ಈ ಲೇಖನದ ಕರಡನ್ನ ನಾವು ಮೊದಲು ಓದಿಸಿದ್ದು ಹೋದ ವರ್ಷ ನಾಲ್ಕು ಮತದಿಂದ ಸೋತ ನಮ್ಮ ಗೆಳೆಯರಿಗೆ. ಎರಡನೆಯದಾಗಿ ಓದಿದ್ದು ಆವತ್ತು ಟೈಪ್ ಮಾಡಿದ ಹುಡುಗಿ. ಗೆಳೆಯರು ಒಂದು ಕಡೆ ಗೆರೆ ಹಾಕಿ "ಲೆಕ್ಕ ಸರಿ ಇತ್ತು ಅಂತ ಬರೀರಿ, ಸರಿ ಇರಬಹುದು ಅಂತಲ್ಲ" ಅಂದರು. ತಿದ್ದಿದೆವು. ಆಕೆ ಎರಡು ಅಂಕಿ ತಪ್ಪು ಹಿಡಿದಳು, ಈ ಸಲ ಗಟ್ಟಿಯಾಗಿ ಹೇಳಿದಳು.

ಹೋದ ವರ್ಷದ ಆ ಸಂಚಿಕೆಯ ತಿದ್ದುಪಡಿ, ತಡವಾಗಿಯಾದರೂ, ಈ ಸಂಚಿಕೆಯ ಮೊದಲ ಪುಟದಲ್ಲಿದೆ. ಅದನ್ನ ಓದಿ ಆಮೇಲೆ ಉಳಿದದ್ದು ಓದಿ.